ಅರಳಿ, ಹೊಳೆಮತ್ತಿ, ಬಿಳಿಮೀನು: ನಮ್ಮೂರಿನ ಹೆಸರುಗಳ ಚರಿತ್ರೆ

'ಅರಳಿ' ಎಂಬ ಮೂರಕ್ಷರದ ಮಾತು ಮೆಟ್ಟೂರಿನಲ್ಲಿ ಎರಡು ಬೇರೆ ಬೇರೆ ಸಸ್ಯಗಳಿಗೆ ಸಲ್ಲುತ್ತದೆ. ಕನ್ನಡದ ಮನೆಯೊಳಗೆ ಅದು ಕಟ್ಟೆ ಕಟ್ಟಿಸಿಕೊಂಡು ನಿಂತ ಅಶ್ವತ್ಥವೃಕ್ಷ. ಹೊಸ್ತಿಲು ದಾಟಿ ಬೀದಿಗಿಳಿದರೆ, ತಮಿಳಿನಲ್ಲಿ, ಅದೇ ಮೂರಕ್ಷರ ನಾವು ಕಣಗಿಲೆ ಎನ್ನುವ ಹೂಗಿಡಕ್ಕೆ ಹೆಸರು. ಅಶ್ವತ್ಥಕ್ಕೆ ನೆರೆಯವರು ಅರಸ ಮರ ಎನ್ನುತ್ತಾರೆ. ಸೇಲಂ ಜಿಲ್ಲೆಯ ಪನಮರತ್ತುಪಟ್ಟಿಯ ಸುತ್ತಿನಲ್ಲಿ ಅರಳಿಯನ್ನು ಹೊಲಗಟ್ಟಲೆ ಬೆಳೆಯುತ್ತಾರೆ. ಅಲ್ಲಿನ ಮೊಗ್ಗು ಮಾಲೆಯಾಗಿ ದೇವರ ಕೊರಳನ್ನು ಸೇರುತ್ತದೆ. ದೇವರಿಗೆ ಏರುವ ಈ ಗಿಡದ ಬೇರು, ತೊಗಟೆ, ಎಲೆ, ಬೀಜ ಎಲ್ಲವೂ ವಿಷ. ಹೊಟ್ಟೆಗೆ ಹೋದರೆ ಹೃದಯದ ಬಡಿತವನ್ನೇ ಕೆಡಿಸುವಂಥ ವಿಷ.

ನಮ್ಮಲ್ಲೊಬ್ಬರ ಬಾಲ್ಯದ ಸಂಗತಿಯನ್ನು ಇಲ್ಲಿ ಹೇಳಬೇಕು. ಮಗುವಿನ ಬಾಯಿಹುಣ್ಣಿಗೆ ಕಷಾಯ ಕಾಸಲೆಂದು ಅಜ್ಜಿ ಪಕ್ಕದ ಮನೆಯ ತಮಿಳು ಹುಡುಗನನ್ನು ಕರೆದು, 'ಅರಳಿ ಚಿಗುರು ನಾಲ್ಕು ಕಿತ್ತುಕೊಂಡು ಬಾರಪ್ಪ' ಎಂದರು. ಹುಡುಗ ವಿಧೇಯ, ಓಡಿಹೋಗಿ ಅರಳಿಯನ್ನೇ ತಂದ, ತನ್ನ ಭಾಷೆಯ ಅರಳಿಯನ್ನು. ಉದ್ದನೆಯ ಎಲೆಯನ್ನು ಕಂಡೊಡನೆ ಅಜ್ಜಿ ಅದನ್ನು ಹಿತ್ತಿಲಾಚೆ ಎಸೆದು, ಹುಡುಗನ ಕೈಯನ್ನು ಸೀಗೆಪುಡಿ ಹಾಕಿ ತೊಳೆಸಿದರು. ಹುಡುಗ ತಪ್ಪು ಮಾಡಿರಲಿಲ್ಲ, ಅಜ್ಜಿಯೂ ಮಾಡಿರಲಿಲ್ಲ. ಅಜ್ಜಿಯ ಕಣ್ಣು ಮಂಜಾಗಿದ್ದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಆ ಮನೆಯಲ್ಲಿ ಬಹುಕಾಲ ಉಳಿಯಿತು.

ಒಂಬತ್ತನೆಯ ತರಗತಿಯ ವಿಜ್ಞಾನದ ಪಾಠದಲ್ಲಿ ಫೈಕಸ್ ರಿಲಿಜಿಯೋಸ, ನೀರಿಯಮ್ ಓಲಿಯಾಂಡರ್ ಎಂಬ ಹೆಸರುಗಳನ್ನು ನಾವು ಪರೀಕ್ಷೆಗಾಗಿ ಉರು ಹೊಡೆದೆವು. ಅವು ಇಂತಹ ಅಜ್ಜಿಗೂ ಹುಡುಗನಿಗೂ ನಡುವೆ ನಿಂತು ತೀರ್ಪು ಹೇಳಲೆಂದೇ ಹುಟ್ಟಿದವು ಎಂದು ಆಗ ಹೊಳೆಯಲಿಲ್ಲ. ಸ್ವೀಡನ್ನಿನ ಲಿನ್ನೇಯಸ್ 1753ರಲ್ಲಿ ತನ್ನ ಸಸ್ಯಗ್ರಂಥದಲ್ಲಿ ಪ್ರತಿ ಸಸ್ಯಕ್ಕೂ ಎರಡು ಮಾತಿನ ಹೆಸರನ್ನು ಗೊತ್ತುಮಾಡಿದ. ಮೊದಲನೆಯದು ಕುಲದ್ದು, ಎರಡನೆಯದು ಜಾತಿಯದ್ದು. ಅದಕ್ಕೆ ಮುಂಚೆ ಯೂರೋಪಿನ ಪಂಡಿತರು ಒಂದು ಗಿಡವನ್ನು ಹೆಸರಿಸಲು ಲ್ಯಾಟಿನ್ನಿನಲ್ಲಿ ಒಂದು ಸಾಲನ್ನೇ ಬರೆಯುತ್ತಿದ್ದರು.

ಆದರೆ ಎರಡು ಮಾತಿನಲ್ಲಿ ಹೆಸರಿಡುವ ಜಾಣ್ಮೆ ಲಿನ್ನೇಯಸನೊಬ್ಬನದೇ ಎಂದು ನಾವು ಒಪ್ಪಲಾರೆವು. ಕಾವೇರಿಯ ದಡದುದ್ದಕ್ಕೂ ನೀರಿಗೆ ಬಾಗಿ ನಿಂತಿರುವ ಬಿಳಿ ತೊಗಟೆಯ ಹೆಮ್ಮರವನ್ನು ನಮ್ಮ ಹಿರಿಯರು ಹೊಳೆಮತ್ತಿ ಎಂದರು. ಹೊಳೆ ಬಿಟ್ಟು ಗುಡ್ಡದ ಕಾಡಿನಲ್ಲಿ, ಮೊಸಳೆಯ ಚರ್ಮದಂತೆ ಬಿರಿದ ಕಪ್ಪು ತೊಗಟೆ ಹೊದ್ದು ಬೆಳೆಯುವ ಅದರ ದಾಯಾದಿಯನ್ನು ಕರಿಮತ್ತಿ ಎಂದರು. ಮತ್ತಿ ಎಂಬುದು ಕುಲ. ಹೊಳೆ, ಕರಿ ಎಂಬುವು ಜಾತಿ. ನೆರೆಯ ತಮಿಳರು ಮೊದಲನೆಯದನ್ನು ನೀರ್ ಮರುದು ಎಂದೂ ಎರಡನೆಯದನ್ನು ಕರುಮರುದು ಎಂದೂ ಕರೆದರು. ಸಸ್ಯಶಾಸ್ತ್ರಜ್ಞರು ಇವೆರಡನ್ನೂ ಟರ್ಮಿನಾಲಿಯ ಎಂಬ ಒಂದೇ ಕುಲದಲ್ಲಿಟ್ಟು, ಒಂದನ್ನು ಅರ್ಜುನ ಎಂದೂ ಇನ್ನೊಂದನ್ನು ಟೊಮೆಂಟೋಸ ಎಂದೂ ಬೇರ್ಪಡಿಸಿದರು. ಎರಡು ಭಾಷೆಯ ರೈತರೂ ಲ್ಯಾಟಿನ್ ಬಲ್ಲ ಪಂಡಿತರೂ ಒಂದೇ ಗೆರೆಯ ಮೇಲೆ ಬಂದು ನಿಂತದ್ದು ಆಕಸ್ಮಿಕವಲ್ಲ. ಮೂವರೂ ಮರವನ್ನು ಕಣ್ಣಿಟ್ಟು ನೋಡಿದ್ದರು, ಅಷ್ಟೆ.

ಹೆಸರುಗಳ ನಡುವಿನ ನೆಂಟಸ್ತಿಕೆ ಇಷ್ಟಕ್ಕೇ ನಿಲ್ಲುವುದಿಲ್ಲ. ಹಳಗನ್ನಡದ ಪಕಾರ ನಡುಗನ್ನಡದ ಕಾಲಕ್ಕೆ ಹಕಾರವಾಯಿತೆಂದು ವ್ಯಾಕರಣದ ತರಗತಿಯಲ್ಲಿ ಕಲಿತವರಿಗೆ ಮೆಟ್ಟೂರಿನ ಸಂತೆಯೇ ಉದಾಹರಣೆಗಳ ಪುಸ್ತಕ. ನಮ್ಮ ಹಾವು ಅವರ ಪಾಂಬು, ನಮ್ಮ ಹಲಸು ಅವರ ಪಲಾ. ನಮ್ಮ ಹುಲಿ ಅವರಲ್ಲಿ ಪುಲಿ. ನಮ್ಮ ಹುಳಿ ಅವರಲ್ಲಿ ಪುಳಿ. ಲಕಾರ ಳಕಾರಗಳನ್ನು ಬೆರೆಸಿದ ಮಗು ಎರಡು ಭಾಷೆಯಲ್ಲೂ ಒಂದೇ ಬಗೆಯ ನಗೆಗೆ ಗುರಿಯಾಗುತ್ತದೆ. ಹೊಂಗೆಯದು ಇನ್ನೂ ಸೊಗಸಿನ ಕಥೆ. ತಮಿಳಿನ ಪುಂಗನ್ನು ಮಲಬಾರಿನವರು ಪೊಂಗಂ ಎಂದರು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರತಂದ 'ಹೋರ್ಟಸ್ ಮಲಬಾರಿಕಸ್' ಗ್ರಂಥದ ಮೂಲಕ ಆ ಹೆಸರು ಯೂರೋಪನ್ನು ತಲುಪಿ, ಪೊಂಗಾಮಿಯ ಎಂಬ ಕುಲನಾಮವಾಯಿತು. ಕನ್ನಡ ಕಳೆದುಕೊಂಡ ಪಕಾರವನ್ನು ಲ್ಯಾಟಿನ್ ಜೋಪಾನ ಮಾಡಿದೆ!

ಶಾಸ್ತ್ರೀಯ ನಾಮಗಳು ಸ್ಥಿರ, ಊರ ಹೆಸರುಗಳು ಚಂಚಲ ಎಂಬ ನಂಬಿಕೆಯನ್ನೂ ಇದೇ ಹೊಂಗೆ ಅಲುಗಾಡಿಸುತ್ತದೆ. ಹಳೆಯ ಪುಸ್ತಕಗಳಲ್ಲಿ ಅದು ಪೊಂಗಾಮಿಯ ಗ್ಲಾಬ್ರ. ಬಳಿಕ ಪೊಂಗಾಮಿಯ ಪಿನ್ನೇಟ ಎಂದರು, ಡೆರ್ರಿಸ್ ಇಂಡಿಕ ಎಂದರು, ಮಿಲ್ಲೆಟಿಯ ಪಿನ್ನೇಟ ಎಂದರು. ಈಚೆಗೆ ಪುನಃ ಪೊಂಗಾಮಿಯವೇ ಸರಿಯೆನ್ನುವವರಿದ್ದಾರೆ. ಅಷ್ಟು ಕಾಲವೂ ಅದರ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಂಡವರಿಗೆ ಅದು ಹೊಂಗೆಯೇ ಆಗಿತ್ತು.

ಇನ್ನು ನಮ್ಮ ಭಾಗದ ಚರಿತ್ರೆಗೆ ಬರೋಣ. ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯನೂ ಸಸ್ಯಜ್ಞನೂ ಆದ ಫ್ರಾನ್ಸಿಸ್ ಬುಕಾನನ್, ಟಿಪ್ಪುವಿನ ಪತನದ ಮರುವರ್ಷ, 1800ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿದನು. ಆ ವರ್ಷವೇ ಕೊಳ್ಳೇಗಾಲದ ಕಡೆಯಿಂದ ಬೆಟ್ಟದ ದಾರಿ ಹಿಡಿದು ಕಾವೇರಿಪುರದ ಘಟ್ಟವನ್ನಿಳಿದು ನಮ್ಮ ನೆಲವನ್ನು ಮುಟ್ಟಿದನು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಕಾಡುಮರಗಳ ಪಟ್ಟಿಗಳಿವೆ. ಮರದ ಹೆಸರನ್ನು ಅವನು ಜನರ ಬಾಯಿಂದ ಕೇಳಿ, ತನ್ನ ಕಿವಿಗೆ ಬಿದ್ದಂತೆ ಆಂಗ್ಲ ಅಕ್ಷರದಲ್ಲಿ ಬರೆದು, ತಿಳಿದ ಕಡೆ ಲ್ಯಾಟಿನ್ ಹೆಸರನ್ನು ಜೋಡಿಸಿದನು. ತಿಳಿಯದ ಕಡೆ ಕನ್ನಡದ ಹೆಸರನ್ನಷ್ಟೇ ಉಳಿಸಿದನು. ಅವನ ಉಚ್ಚಾರಣೆಯನ್ನು ನೋಡಿ ಇಂದು ನಗು ಬರಬಹುದು. ಹಾಗಿದ್ದೂ, ಗುರುತಿಲ್ಲದ ಮರಕ್ಕೆ ಊರವರ ಹೆಸರನ್ನಾದರೂ ಬರೆದಿಡಬೇಕೆಂಬ ಪ್ರಾಮಾಣಿಕತೆ ಅವನಲ್ಲಿತ್ತು. ಹೆಸರು ಹೇಳಿಕೊಟ್ಟವರ ಹೆಸರನ್ನು ಮಾತ್ರ ಅವನು ಬರೆಯಲಿಲ್ಲ.

ಬುಕಾನನ್ ಆಮೇಲೆ ಬಂಗಾಳಕ್ಕೆ ಹೋಗಿ ಗಂಗೆಯ ಮೀನುಗಳನ್ನು ಅಭ್ಯಸಿಸಿ 1822ರಲ್ಲಿ ಇನ್ನೊಂದು ಗ್ರಂಥ ಬರೆದನು. ಅಲ್ಲಿಯೂ ಅದೇ ಅಭ್ಯಾಸ. ರೋಹಿತ, ಕಟ್ಲ, ಮೃಗಲ ಎಂಬ ಅಲ್ಲಿನ ಜನರ ಮಾತುಗಳೇ ಮೀನುಗಳ ಶಾಸ್ತ್ರೀಯ ನಾಮಗಳಾದವು. ದೊಡ್ಡ ಹುರುಪೆಯ ಒಂದು ಮೀನನ್ನು ಟೋರ್ ಎಂದು ಕರೆದನು. ಮುಂದೆ ಅದು ಮಹಶೀರ್ ಮೀನುಗಳ ಕುಲಕ್ಕೇ ಹೆಸರಾಯಿತು. ಅವನು ಹೆಸರಿಟ್ಟ ಈ ಮೀನುಗಳು ಒಂದು ದಿನ ಅವನು ನಡೆದುಹೋದ ಕಾವೇರಿಪುರದ ದಾರಿಯಲ್ಲೇ ಈಜಾಡುತ್ತವೆ ಎಂದು ಅವನಿಗೆ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಆದದ್ದು ಹಾಗೆಯೇ. 1925ರಲ್ಲಿ ಆರಂಭವಾದ ಮೆಟ್ಟೂರು ಅಣೆಕಟ್ಟೆಯ ಕೆಲಸ 1934ರಲ್ಲಿ ಮುಗಿಯಿತು. ಹಿನ್ನೀರಿನಡಿ ಹಳ್ಳಿಗಳೂ ಗದ್ದೆಗಳೂ ತೋಪುಗಳೂ ಮುಳುಗಿದವು. ನೀರಿಳಿದ ವರ್ಷಗಳಲ್ಲಿ ಪಣ್ಣವಾಡಿಯ ಬಳಿ ಮೇಲೇಳುವ ನಂದಿಯನ್ನೂ ಚರ್ಚಿನ ಗೋಪುರವನ್ನೂ ನೋಡಲು ಜನ ಸೇರುತ್ತಾರೆ. ಮುಳುಗಿದ ತೋಪಿನ ಮರಗಳ ಹೆಸರು ಕೇಳಲು ಯಾರೂ ಸೇರುವುದಿಲ್ಲ. ಒಂದು ಹೊಳೆದಂಡೆ ಮುಳುಗಿದಾಗ, ಅಲ್ಲಿ ಮಾತ್ರ ಬೆಳೆಯುತ್ತಿದ್ದ ಸೊಪ್ಪಿನ ಹೆಸರು ಒಂದು ತಲೆಮಾರಿನವರೆಗೆ ಅಡುಗೆಮನೆಯ ಮಾತಿನಲ್ಲಿ ಉಳಿದು, ಆಮೇಲೆ ಯಾವುದಕ್ಕೂ ಸಲ್ಲದ ಬರಿಯ ಸದ್ದಾಗುತ್ತದೆ.

ಹೆಸರು ಉಳಿದು ವಸ್ತು ಬದಲಾಗುವುದೂ ಉಂಟು. ನಮ್ಮ ಮನೆಗಳ ಹಬ್ಬದ ಪಾಯಸಕ್ಕೆ ಬೀಳುವ ಸಬ್ಬಕ್ಕಿಯನ್ನೇ ನೋಡಿ. ಸಾಗು ಎಂಬುದು ಮಲಯ ದ್ವೀಪಗಳ ಒಂದು ತಾಳೆಯ ತಿರುಳಿನಿಂದ ಮಾಡುವ ಪದಾರ್ಥ. ತಮಿಳಿನ ಜವ್ವರಿಸಿ ಎಂಬ ಮಾತಿನಲ್ಲಿ ಜಾವಾ ದ್ವೀಪದ ನೆನಪಿದೆ. ಎರಡನೆಯ ಮಹಾಯುದ್ಧದಲ್ಲಿ ಆ ಕಡೆಯ ಹಡಗು ನಿಂತಾಗ ಸೇಲಂನವರು ಮರಗೆಣಸಿನ ಹಿಟ್ಟಿನಿಂದ ಅಂಥದೇ ಮಣಿಗಳನ್ನು ಮಾಡತೊಡಗಿದರು. ಮರಗೆಣಸು ದಕ್ಷಿಣ ಅಮೆರಿಕದ ಗಿಡ. ತಾಳೆಗೂ ಅದಕ್ಕೂ ಸಂಬಂಧವಿಲ್ಲ. ಪಾಯಸ ಕೆಡಲಿಲ್ಲ, ಜಿಲ್ಲೆಗೆ ಒಂದು ಉದ್ಯಮವಾಯಿತು. ಇಲ್ಲಿ ಹೆಸರಿನ ಬದಲಾವಣೆಯಿಂದ ಯಾರಿಗೂ ನಷ್ಟವಾಗಲಿಲ್ಲ. ಆದರೆ ಇದೇ ಬಗೆಯ ಬದಲಾವಣೆ ಹೊಳೆಯಲ್ಲೂ ನಡೆಯಿತು. ಅಲ್ಲಿ ನಷ್ಟವಾಯಿತು, ಮತ್ತು ಹೆಸರೇ ಆ ನಷ್ಟವನ್ನು ಮರೆಮಾಡಿತು.

ಕಾವೇರಿಯ ಕನ್ನಡಿಗರು ಬಿಳಿಮೀನು ಎಂದು ಕರೆಯುವುದು ಮಹಶೀರನ್ನು. ಕಾವೇರಿಯ ಮೂಲನಿವಾಸಿಯಾದ ಬಿಳಿಮೀನಿಗೆ ಬೆನ್ನಿನ ಮೇಲೆ ಡುಬ್ಬ, ಈಜುರೆಕ್ಕೆಗಳಿಗೆ ಕಿತ್ತಳೆಯ ಕೆಂಪು. ಜಗತ್ತಿನ ಮಹಶೀರ್‌ಗಳಲ್ಲೇ ಇದು ದೈತ್ಯ. 1946ರಲ್ಲಿ ಕಾವೇರಿಯ ಉಪನದಿಯಾದ ಕಬಿನಿಯಲ್ಲಿ ಮೈಸೂರಿನ ವಾನ್ ಇಂಗನ್ ಮನೆತನದವರೊಬ್ಬರು ಗಾಳದಲ್ಲಿ ಹಿಡಿದ ಮೀನು 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತು. ಇಷ್ಟು ಪ್ರಸಿದ್ಧವಾದ ಪ್ರಾಣಿಗೆ ಸರಿಯಾದ ಶಾಸ್ತ್ರೀಯ ನಾಮವೇ ಇರಲಿಲ್ಲ ಎಂದರೆ ಓದುಗರು ಆಶ್ಚರ್ಯಪಡಬಹುದು. ದಖ್ಖನಿನ ಹೊಳೆಗಳಿಂದ ಕರ್ನಲ್ ಸೈಕ್ಸ್ 1839ರಲ್ಲಿ ವರ್ಣಿಸಿದ ಬೇರೊಂದು ಮೀನಿನ ಹೆಸರನ್ನೇ ಇದಕ್ಕೂ ಅಂಟಿಸಿ ಬಹುಕಾಲ ಸುಮ್ಮನಿದ್ದರು.

1970ರ ದಶಕದಲ್ಲಿ ಮಹಾರಾಷ್ಟ್ರದ ಲೋನಾವಳದ ಮೀನುಮರಿ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಅದರ ಶಾಸ್ತ್ರೀಯ ನಾಮ ಟೋರ್ ಖುದ್ರೀ. ಉದ್ದೇಶ ಒಳ್ಳೆಯದೇ, ಕಡಿಮೆಯಾಗುತ್ತಿದ್ದ ಮೀನನ್ನು ಹೆಚ್ಚಿಸುವುದು. ಹೊಸ ಮೀನು ಹೊಳೆಗೆ ಒಗ್ಗಿತು, ಹೆಚ್ಚಿತು. ಬಲೆಗೆ ಬಿದ್ದದ್ದನ್ನು ಜನ ಬಿಳಿಮೀನು ಎಂದೇ ಕರೆದರು. ಬೇರೆ ಹೆಸರಿನಿಂದ ಕರೆಯಲು ಕಾರಣವೂ ಕಾಣಲಿಲ್ಲ. ನಮ್ಮ ಜಲಾಶಯಕ್ಕಿಂತ ಮೇಲಣ ಭೀಮೇಶ್ವರಿ, ಗಾಳಿಬೋರೆಗಳ ಗಾಳ ಶಿಬಿರಗಳಲ್ಲಿ 1998ರಿಂದ 2012ರವರೆಗೆ ಬರೆದಿಟ್ಟಿದ್ದ ದಾಖಲೆಗಳನ್ನು ಸಂಶೋಧಕರು ಬಿಡಿಸಿ ನೋಡಿದಾಗ ಒಗಟು ಬಯಲಾಯಿತು. ಒಟ್ಟು ಲೆಕ್ಕದಲ್ಲಿ ಮಹಶೀರ್ ಹೆಚ್ಚುತ್ತಿತ್ತು. ರೆಕ್ಕೆಯ ಬಣ್ಣವನ್ನು ನೋಡಿ ಲೆಕ್ಕವನ್ನು ಬೇರ್ಪಡಿಸಿದರೆ, ಹೆಚ್ಚುತ್ತಿದ್ದದ್ದು ನೀಲಿ. ಕಿತ್ತಳೆ ರೆಕ್ಕೆಯ ಡುಬ್ಬದ ಮೀನು ಕಣ್ಮರೆಯಾಗುವ ಹಂತಕ್ಕೆ ಬಂದಿತ್ತು. ಒಂದೇ ಹೆಸರಿನ ಹೊದಿಕೆಯೊಳಗೆ ಒಂದು ಜೀವ ಹೋಗಿ ಇನ್ನೊಂದು ಬಂದಿತ್ತು.

ಇಲ್ಲಿಯೇ ಶಾಸ್ತ್ರೀಯ ನಾಮದ ಕೊರತೆ ಬಾಧಿಸಿತು. ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ಕೆಂಪುಪಟ್ಟಿಗೆ ಸೇರಬೇಕಾದರೆ ಜೀವಿಗೆ ಮಾನ್ಯವಾದ ಹೆಸರಿರಬೇಕು. 'ಡುಬ್ಬದ ಬಿಳಿಮೀನು' ಎಂದರೆ ಆ ಕಡತದಲ್ಲಿ ಜಾಗವಿಲ್ಲ. ಕೊನೆಗೆ 2018ರಲ್ಲಿ ಭಾರತೀಯ ಹಾಗೂ ಬ್ರಿಟಿಷ್ ವಿಜ್ಞಾನಿಗಳು ಮೋಯಾರ್ ಹೊಳೆಯಲ್ಲಿ ಉಳಿದಿದ್ದ ಮೀನುಗಳನ್ನು ಪರೀಕ್ಷಿಸಿ, ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ವರ್ಣಿತವಾಗಿದ್ದ ಟೋರ್ ರೆಮಾದೇವಿಐ ಎಂಬುದೇ ಇದು ಎಂದು ಸ್ಥಾಪಿಸಿದರು. ಪಾಂಬಾರ್ ಅಮರಾವತಿಯನ್ನು ಸೇರುತ್ತದೆ, ಅಮರಾವತಿ ಕಾವೇರಿಯನ್ನು; ಹೆಸರು ನಮ್ಮ ನದಿಯ ಬಳಗದಲ್ಲೇ ಕಾದು ಕುಳಿತಿತ್ತು. ರೆಮಾದೇವಿ ಎಂಬುದು ದಕ್ಷಿಣದ ಮೀನುಗಳ ಅಧ್ಯಯನಕ್ಕೆ ಬಾಳು ಸವೆಸಿದ ವಿಜ್ಞಾನಿಯೊಬ್ಬರ ಹೆಸರು. ಅದೇ 2018ರಲ್ಲಿ ಮೀನು ಕೆಂಪುಪಟ್ಟಿಯನ್ನು ಸೇರಿತು, ತೀವ್ರ ಅಪಾಯದಲ್ಲಿರುವ ಜೀವಿ ಎಂಬ ವರ್ಗದಲ್ಲಿ.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಲೇ ಕನ್ನಡದಲ್ಲಿ 'ಹಸಿರು ಹೊನ್ನು' ಬರೆದು 1978ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಬಿ. ಜಿ. ಎಲ್. ಸ್ವಾಮಿಯವರನ್ನು ಇಲ್ಲಿ ನೆನೆಯದಿರಲಾರೆವು. ತಮಿಳುನಾಡಿನಲ್ಲಿ ಕನ್ನಡ ಓದುವ ಮಕ್ಕಳಿಗೆ ಅವರಿಗಿಂತ ಹತ್ತಿರದ ಹಿರಿಯರು ಬೇರೆ ಇಲ್ಲ. ಲ್ಯಾಟಿನ್ ಹೆಸರನ್ನೂ ಊರ ಹೆಸರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸಬಹುದೆಂದು ತೋರಿಸಿದವರು ಅವರು. ನಮ್ಮ ಮಕ್ಕಳದು ಅವರಿಗಿಂತ ಒಂದು ಎಲೆ ಹೆಚ್ಚಿನ ಪಂಕ್ತಿ: ಮನೆಯ ಕನ್ನಡ, ಬೀದಿಯ ತಮಿಳು, ಪುಸ್ತಕದ ಲ್ಯಾಟಿನ್. ಇದನ್ನು ಹೊರೆಯೆಂದು ಮರುಗುವ ಪೋಷಕರಿದ್ದಾರೆ. ಅರಳಿಯ ಎರಡೂ ಅರ್ಥ ಬಲ್ಲ ಮಗು ಅಜ್ಜಿಗೆ ಯಾವ ಚಿಗುರು ತರಬೇಕೆಂದು ಕೇಳಿಯೇ ಹೋಗುತ್ತದೆ ಎಂದಷ್ಟೇ ಅವರಿಗೆ ನಮ್ಮ ಉತ್ತರ.

ಶತಮಾನೋತ್ಸವದ ನೆಪದಲ್ಲಿ ಶಾಲೆಯಲ್ಲಿ ಒಂದು ದಪ್ಪ ನೋಟುಪುಸ್ತಕವನ್ನು ತೆರೆದಿದ್ದೇವೆ. ಅದರಲ್ಲಿ ಮೂರು ಅಂಕಣಗಳಿವೆ. ಅಂಗಳದ ಬೇವು, ಹುಣಸೆ, ಹೊಂಗೆಗಳಿಗೆ ಮೂರೂ ತುಂಬಿವೆ. ಬೇಲಿಯ ಬಳ್ಳಿಗಳಲ್ಲಿ ಕೆಲವಕ್ಕೆ ತಮಿಳು ಸಿಕ್ಕಿದೆ, ಕನ್ನಡ ಸಿಕ್ಕಿಲ್ಲ. ಅಜ್ಜಿಯರು ಹೇಳಿದ ಕೆಲವು ಸೊಪ್ಪಿನ ಹೆಸರುಗಳಿಗೆ ಗಿಡವೇ ಸಿಕ್ಕಿಲ್ಲ. ಮೀನಿನ ಪುಟವನ್ನು ಬೇರೆಯಾಗಿಯೇ ಇಟ್ಟಿದ್ದೇವೆ. ಹಿನ್ನೀರಿನಲ್ಲಿ ಹರಿಗೋಲು ಹಾಕಿದವರು, ಹೊಗೇನಕಲ್ಲಿನ ಕಡೆ ಬಲೆ ಬೀಸಿದವರು, ಬಾಲ್ಯದಲ್ಲಿ ಸಂತೆಯಿಂದ ತಂದ ಬಿಳಿಮೀನಿನ ಸಾರು ಉಂಡವರು ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿದ್ದೀರಿ. ಯಾವ ವರ್ಷ, ಯಾವ ಕಡೆ, ಎಷ್ಟು ತೂಕ ಎಂದು ನೆನಪಿದ್ದಷ್ಟನ್ನು ಬರೆದು ಕಳುಹಿಸಬೇಕೆಂದು ಕೋರುತ್ತೇವೆ. ಈಜುರೆಕ್ಕೆಯ ಬಣ್ಣ ನೆನಪಿದ್ದರೆ ಅದನ್ನೂ ತಪ್ಪದೆ ಬರೆಯಿರಿ.