ಚಲಿಸುವ ಗುರಿಗಳ ಸಂವೇದಕ ಆಧಾರಿತ ಪತ್ತೆ ಮತ್ತು ಜಾಡು ಅನುಸರಣೆ: ಘಟಪ್ರಭಾ ಕಣಿವೆಯ ಮಳೆಮೋಡ ಹಾಗೂ ನೆರೆ ಕುರಿತ ಮಾಹಿತಿ

ಪೀಠಿಕೆ

ಚಲಿಸುತ್ತಿರುವ ವಸ್ತುವೊಂದನ್ನು ದೂರದಿಂದಲೇ ಗುರುತಿಸಿ, ಅದು ಎಲ್ಲಿದೆ, ಯಾವ ದಿಕ್ಕಿನಲ್ಲಿ ಎಷ್ಟು ವೇಗವಾಗಿ ಸಾಗುತ್ತಿದೆ, ಮುಂದಿನ ಗಳಿಗೆಯಲ್ಲಿ ಎಲ್ಲಿರುತ್ತದೆ ಎಂಬುದನ್ನು ಸಂವೇದಕಗಳ ನೆರವಿನಿಂದ ಅರಿಯುವ ವಿಧಾನಗಳು ಮೂಲತಃ ರಕ್ಷಣಾ ಕಾರ್ಯಕ್ಕಾಗಿ ಬೆಳೆದುಬಂದವುಗಳಾಗಿವೆ. ವಿಮಾನವನ್ನು ಹಿಂಬಾಲಿಸಲು ರೂಪುಗೊಂಡ ಇದೇ ಗಣಿತ ಹಾಗೂ ಇದೇ ರೇಡಿಯೋ ತರಂಗಗಳು ಇಂದು ಮಳೆಮೋಡ ಹಾಗೂ ನದಿಯ ನೆರೆಯನ್ನು ಹಿಂಬಾಲಿಸಲು ಬಳಕೆಯಲ್ಲಿವೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಭಾಗದ ತುಕ್ಕಾನಟ್ಟಿ ಹಾಗೂ ಸುತ್ತಲಿನ ಗ್ರಾಮಗಳ ಸಾರ್ವಜನಿಕರಿಗೆ ಸಂಬಂಧಿಸಿದ ಗುರಿಗಳು ಇವೆರಡೇ ಆಗಿರುವುದರಿಂದ ಈ ಪುಟದಲ್ಲಿ ಅವುಗಳನ್ನು ಕುರಿತು ವಿವರಿಸಲಾಗಿದೆ.

ಪತ್ತೆಯ ಮೂಲತತ್ತ್ವ

ರೇಡಾರ್ ಯಂತ್ರವು ಅತ್ಯಲ್ಪ ಅವಧಿಯ ರೇಡಿಯೋ ಸ್ಪಂದಗಳನ್ನು ಕಳುಹಿಸಿ, ವಸ್ತುವಿಗೆ ತಾಗಿ ಮರಳುವ ಪ್ರತಿಧ್ವನಿಯನ್ನು ಸ್ವೀಕರಿಸುತ್ತದೆ. ರೇಡಿಯೋ ತರಂಗವು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಸಾಗುವುದರಿಂದ, 150 ಕಿ.ಮೀ. ದೂರದ ಮೋಡದಿಂದ ಪ್ರತಿಧ್ವನಿಯು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಹಿಂದಿರುಗುತ್ತದೆ. ಈ ಕಾಲಾವಧಿಯಿಂದ ದೂರವೂ, ಆಂಟೆನಾ ಮುಖಮಾಡಿರುವ ಕೋನದಿಂದ ದಿಕ್ಕೂ ತಿಳಿಯುತ್ತವೆ.

ಆದರೆ ಪ್ರತಿಧ್ವನಿ ಬರುವುದು ಗುರಿಯಿಂದ ಮಾತ್ರವಲ್ಲ. ಗುಡ್ಡ, ಕಟ್ಟಡ, ಮರಗಳಿಂದಲೂ ಬರುತ್ತದೆ ಮತ್ತು ಅನೇಕ ವೇಳೆ ಅವುಗಳದ್ದೇ ಪ್ರಬಲವಾಗಿರುತ್ತದೆ. ಇವುಗಳ ನಡುವಿನಿಂದ ಚಲಿಸುವುದನ್ನು ಬೇರ್ಪಡಿಸಲು ಆಸ್ಟ್ರಿಯಾದ ವಿಜ್ಞಾನಿ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ವಿವರಿಸಿದ ಪರಿಣಾಮವನ್ನು ಬಳಸಲಾಗುತ್ತದೆ. ಸಮೀಪಿಸುವ ವಸ್ತುವಿನಿಂದ ಮರಳುವ ತರಂಗದ ಆವರ್ತನವು ತುಸು ಹೆಚ್ಚುತ್ತದೆ, ದೂರ ಸರಿಯುವುದರಿಂದ ಮರಳುವುದು ತುಸು ತಗ್ಗುತ್ತದೆ. 10 ಸೆಂ.ಮೀ. ತರಂಗಾಂತರದ ರೇಡಾರ್‌ಗೆ ಗಂಟೆಗೆ 36 ಕಿ.ಮೀ. ವೇಗದಲ್ಲಿ ಎದುರಾಗುವ ಮಳೆಹನಿಗಳಿಂದ ಉಂಟಾಗುವ ವ್ಯತ್ಯಾಸ ಕೇವಲ 200 ಹರ್ಟ್ಸ್. ಕಳುಹಿಸಿದ ತರಂಗದ ಆವರ್ತನವಾದರೋ 300 ಕೋಟಿ ಹರ್ಟ್ಸ್. ಇಷ್ಟು ಸೂಕ್ಷ್ಮವಾದ ಅಂತರವನ್ನು ಅಳೆದು, ವ್ಯತ್ಯಾಸವೇ ಇಲ್ಲದ ಪ್ರತಿಧ್ವನಿಗಳನ್ನು ಸ್ಥಿರವಸ್ತುಗಳೆಂದು ಸೋಸಿ ತೆಗೆಯಲಾಗುತ್ತದೆ. ಗಾಳಿಯಂತ್ರಗಳು ಈ ಸೋಸುವಿಕೆಗೆ ಸುಲಭವಾಗಿ ಸಿಕ್ಕುವುದಿಲ್ಲ. ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲಿರುವಂತಹ ಗಾಳಿಯಂತ್ರಗಳ ಕಂಬ ನಿಂತಲ್ಲೇ ಇದ್ದರೂ ರೆಕ್ಕೆಗಳು ತಿರುಗುವುದರಿಂದ, ರೇಡಾರ್ ಅವುಗಳನ್ನು ಚಲಿಸುವ ಗುರಿಯೆಂದೇ ಭಾವಿಸುವ ಸಾಧ್ಯತೆ ಇರುತ್ತದೆ.

ಡಾಪ್ಲರ್ ವಿಧಾನಕ್ಕೆ ಒಂದು ಕುರುಡುತನವೂ ಇದೆ. ಅದು ರೇಡಾರ್‌ನತ್ತ ಅಥವಾ ರೇಡಾರ್‌ನಿಂದಾಚೆಗೆ ಆಗುವ ಚಲನೆಯನ್ನು ಮಾತ್ರ ಕಾಣಬಲ್ಲದು. ಭಾರತ ಹವಾಮಾನ ಇಲಾಖೆಯ ಪಣಜಿಯ ಡಾಪ್ಲರ್ ರೇಡಾರ್‌ನಿಂದ ನೋಡಿದಾಗ ಗೋಕಾಕ ಭಾಗವು ಈಶಾನ್ಯಕ್ಕಿದೆ. ಆಗ್ನೇಯದಿಂದ ವಾಯವ್ಯಕ್ಕೆ ಸಾಗುವ ಮೋಡವು ಆ ದೃಷ್ಟಿರೇಖೆಗೆ ಅಡ್ಡಲಾಗಿ ಹೋಗುವುದರಿಂದ, ಅದು ಎಷ್ಟೇ ವೇಗವಾಗಿ ಓಡುತ್ತಿದ್ದರೂ ಡಾಪ್ಲರ್ ಚಿತ್ರದಲ್ಲಿ ನಿಂತಂತೆ ತೋರಬಹುದಾಗಿದೆ.

ಜಾಡು ಅನುಸರಣೆ

ಆದಕಾರಣ ಮೋಡದ ಜಾಡನ್ನು ಡಾಪ್ಲರ್ ವೇಗವೊಂದರಿಂದಲೇ ನಿರ್ಧರಿಸಲಾಗುವುದಿಲ್ಲ. ಆಂಟೆನಾ ಆಕಾಶವನ್ನೆಲ್ಲ ಒಮ್ಮೆ ಸುತ್ತಿ ನೋಡಲು ಸಾಮಾನ್ಯವಾಗಿ ಸುಮಾರು 10 ನಿಮಿಷ ಬೇಕಾಗುತ್ತದೆ. ಒಂದರ ಹಿಂದೊಂದು ದೊರೆತ ಚಿತ್ರಗಳಲ್ಲಿ ಪ್ರಬಲ ಪ್ರತಿಧ್ವನಿಯ ತುಣುಕುಗಳನ್ನು ಗುರುತಿಸಿ, ಹಿಂದಿನ ಚಿತ್ರದ ಯಾವ ತುಣುಕು ಈಗಿನ ಯಾವ ತುಣುಕಾಗಿದೆ ಎಂದು ಹೊಂದಿಸಲಾಗುತ್ತದೆ. ಅಮೆರಿಕದಲ್ಲಿ ರೂಪುಗೊಂಡು 1993ರಲ್ಲಿ ಪ್ರಕಟವಾದ ‘ಟೈಟನ್’ ಎಂಬ ಕ್ರಮವಿಧಿಯು ಈ ಕಾರ್ಯಕ್ಕೆ ಹೆಸರಾಗಿದೆ. ವಿಮಾನಗಳ ಜಾಡಿಗೆ 1960ರಲ್ಲಿ ಪ್ರಕಟವಾದ ಕಾಲ್ಮನ್ ಶೋಧಕ ಎಂಬ ಗಣಿತವು ವ್ಯಾಪಕವಾಗಿ ಬಳಕೆಯಲ್ಲಿದೆ. ಎರಡರ ಹುರುಳೂ ಒಂದೇ: ಮೊದಲು ಊಹಿಸುವುದು, ಅನಂತರ ಅಳೆಯುವುದು, ಊಹೆ ಮತ್ತು ಅಳತೆಗಳ ಪೈಕಿ ಯಾವುದು ಹೆಚ್ಚು ನಂಬಲರ್ಹವೋ ಅದರತ್ತ ವಾಲಿ ಮುಂದಿನ ಊಹೆಯನ್ನು ತಿದ್ದುವುದು.

ವಿಮಾನಕ್ಕೂ ಮೋಡಕ್ಕೂ ಇರುವ ವ್ಯತ್ಯಾಸವೆಂದರೆ, ವಿಮಾನವು ಮಾರ್ಗಮಧ್ಯದಲ್ಲಿ ಎರಡಾಗಿ ಒಡೆಯುವುದಿಲ್ಲ, ಮತ್ತೊಂದರೊಡನೆ ಕೂಡಿಕೊಳ್ಳುವುದೂ ಇಲ್ಲ. ಮೋಡವು ಎರಡನ್ನೂ ಮಾಡುತ್ತದೆ. ಗುಡುಗುಮೋಡದ ಒಂದೊಂದು ಕೋಶದ ಆಯುಷ್ಯ ಬಹುಪಾಲು ಒಂದು ಗಂಟೆಯನ್ನು ಮೀರುವುದಿಲ್ಲ. ಹಾಗಾಗಿ ರೇಡಾರ್ ಆಧಾರಿತ ತತ್‌ಕ್ಷಣದ ಮುನ್ಸೂಚನೆಯನ್ನು ಎರಡು ಮೂರು ಗಂಟೆಗಳಿಗೆ ಮಾತ್ರ ಸೀಮಿತಗೊಳಿಸಲಾಗಿದೆ. 2017ರ ವರ್ಷಧಾರೆ ಮೋಡಬಿತ್ತನೆ ಯೋಜನೆಯಲ್ಲಿಯೂ ವಿಮಾನವನ್ನು ಯಾವ ಮೋಡದತ್ತ ಕಳುಹಿಸಬೇಕೆಂದು ತೀರ್ಮಾನಿಸಲು ರೇಡಾರ್‌ಗಳನ್ನು ಅವಲಂಬಿಸಲಾಗಿತ್ತು.

ಮೊದಲನೆಯ ಗುರಿ: ಅಡ್ಡಮಳೆಯ ಮೋಡ

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಈ ಭಾಗದಲ್ಲಿ ಗುಡುಗು, ಗಾಳಿ, ಕೆಲವೊಮ್ಮೆ ಆಲಿಕಲ್ಲಿನೊಡನೆ ಸುರಿಯುವ ಮಳೆಯು ಎತ್ತರವಾದ ಬಿಡಿಬಿಡಿ ಮೋಡಗಳಿಂದ ಉಂಟಾಗುತ್ತದೆ. ರೇಡಾರ್‌ಗೆ ಇದು ಹೇಳಿಮಾಡಿಸಿದ ಗುರಿಯಾಗಿದೆ. ಭೂಮಿಯ ದುಂಡುತನದಿಂದಾಗಿ ಪಣಜಿಯಿಂದ ಅರ್ಧ ಡಿಗ್ರಿ ಕೋನದಲ್ಲಿ ಹೊರಟ ಕಿರಣವು ಸುಮಾರು 135 ಕಿ.ಮೀ. ದೂರದ ಗೋಕಾಕ–ತುಕ್ಕಾನಟ್ಟಿ ಪ್ರದೇಶವನ್ನು ತಲುಪುವ ವೇಳೆಗೆ ಸಮುದ್ರಮಟ್ಟದಿಂದ 2 ಕಿ.ಮೀ.ಗೂ ಅಧಿಕ ಎತ್ತರದಲ್ಲಿರುತ್ತದೆ. ಆದಾಗ್ಯೂ 10 ಕಿ.ಮೀ.ಗೂ ಮೇಲೇರುವ ಗುಡುಗುಮೋಡವು ಅದರ ಕಣ್ಣಿಗೆ ತಪ್ಪುವುದಿಲ್ಲ.

ಮಳೆಯ ಪ್ರಮಾಣದ ಬಗ್ಗೆ ಮಾತ್ರ ಎಚ್ಚರಿಕೆ ಅಗತ್ಯ. ಪ್ರತಿಧ್ವನಿಯ ಬಲವು ಹನಿಯ ವ್ಯಾಸದ ಆರನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಅಂದರೆ ವ್ಯಾಸವು ಇಮ್ಮಡಿಯಾದರೆ ಪ್ರತಿಧ್ವನಿ 64 ಪಟ್ಟಾಗುತ್ತದೆ, ನೀರು ಮಾತ್ರ 8 ಪಟ್ಟು. ಆಲಿಕಲ್ಲುಗಳಿದ್ದಲ್ಲಿ ಲೆಕ್ಕವು ಇನ್ನಷ್ಟು ಹಿಗ್ಗುತ್ತದೆ. ಆದುದರಿಂದ ರೇಡಾರ್ ಚಿತ್ರದ ಕೆಂಪು ಬಣ್ಣವನ್ನು ಇಷ್ಟೇ ಮಿ.ಮೀ. ಮಳೆಯೆಂದು ನೇರವಾಗಿ ಓದುವುದು ಸರಿಯಲ್ಲ.

ಎರಡನೆಯ ಗುರಿ: ನೆರೆ

ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ, ಎಂದರೆ ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳ ಕಾಲದಲ್ಲಿ, ಪರಿಸ್ಥಿತಿ ಸಂಪೂರ್ಣವಾಗಿ ಬೇರೆಯಾಗಿರುತ್ತದೆ. ಅರಬ್ಬೀ ಸಮುದ್ರದ ತೇವಭರಿತ ಗಾಳಿಯು ಸಹ್ಯಾದ್ರಿಯನ್ನು ಏರುವಾಗ ಅಲ್ಲಿಯೇ ಮೋಡವಾಗಿ ಅಲ್ಲಿಯೇ ಸುರಿಯುತ್ತದೆ. ಮೋಡಗಳು ಸಾಗುತ್ತಿದ್ದರೂ ಮಳೆಯ ಪ್ರದೇಶವು ಘಟ್ಟಕ್ಕೆ ಅಂಟಿಕೊಂಡಂತೆ ನಿಂತಿರುತ್ತದೆ. ಹಿಂಬಾಲಿಸಲು ಜಾಡೇ ಇರುವುದಿಲ್ಲ. ಮೇಲಾಗಿ ಈ ಮಳೆಯು ಬಹುಮಟ್ಟಿಗೆ ಕೆಳಮಟ್ಟದ ಮೋಡಗಳಿಂದ ಬರುವುದರಿಂದ ದೂರದ ರೇಡಾರ್‌ನ ಕಿರಣವು ಅದರ ನೆತ್ತಿಯನ್ನಷ್ಟೇ ಸವರಿ ಹೋಗುತ್ತದೆ. ಕರಾವಳಿಯಿಂದ ನೋಡುವ ರೇಡಾರ್‌ನ ಕೆಳಗಿನ ಕಿರಣವನ್ನು ಘಟ್ಟದ ಏಣು ಭಾಗಶಃ ಮರೆಮಾಡುವುದೂ ಉಂಟು. ಮಳೆ ಅತಿ ಹೆಚ್ಚಾಗಿರುವ ಕಾಲದಲ್ಲಿಯೇ ರೇಡಾರ್ ಅದನ್ನು ಕಡಿಮೆಯೆಂದು ತೋರಿಸುವ ಸಂಭವವಿದೆ.

ಹಿರಣ್ಯಕೇಶಿ ನದಿ ಹುಟ್ಟುವ ಅಂಬೋಲಿಯಲ್ಲಿ ವರ್ಷಕ್ಕೆ 7000 ಮಿ.ಮೀ. ಆಸುಪಾಸಿನ ಮಳೆಯಾಗುತ್ತದೆ. ಗೋಕಾಕ ಬಯಲಿನಲ್ಲಿ ಅದರ ಹತ್ತನೆಯ ಒಂದು ಪಾಲಿಗಿಂತ ಹೆಚ್ಚಿಲ್ಲ. ಆದ್ದರಿಂದ ಊರಿನಲ್ಲಿ ಬಿಸಿಲಿದ್ದರೂ ನದಿ ತುಂಬಿ ಬರುವುದುಂಟು. ಇಲ್ಲಿ ನಿಜವಾಗಿ ಚಲಿಸುವ ಗುರಿಯೆಂದರೆ ನೀರು. 2019ರ ಆಗಸ್ಟ್ ತಿಂಗಳ ಮೊದಲಾರ್ಧದಲ್ಲಿ ಗೋಕಾಕ ಪಟ್ಟಣಕ್ಕೆ ನೀರು ನುಗ್ಗಿ, ಲೋಳಸೂರ ಸೇತುವೆ ಮುಳುಗಿದ್ದು ಸಾರ್ವಜನಿಕರ ನೆನಪಿನಲ್ಲಿರುವ ಸಂಗತಿಯಾಗಿದೆ.

ಈ ಸೇತುವೆಯ ಬಳಿ ಹರಿಯುವ ನೀರು ಒಂದೇ ಮೂಲದ್ದಲ್ಲ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದ ಹೊರಹರಿವು, ಹಿರಣ್ಯಕೇಶಿ, ಮಾರ್ಕಂಡೇಯ ಇವು ಮೂರೂ ಕೂಡಿ ಬರುತ್ತವೆ. 51 ಟಿಎಂಸಿ ಸಾಮರ್ಥ್ಯದ ಹಿಡಕಲ್ ಜಲಾಶಯವು ಘಟಪ್ರಭೆಯ ನೀರನ್ನು ತಡೆಹಿಡಿಯಬಲ್ಲದಾದರೂ, ಹಿರಣ್ಯಕೇಶಿಯು ಅಣೆಕಟ್ಟಿನ ಕೆಳಗೆ ಬಂದು ಸೇರುವುದರಿಂದ ಅದರ ಮೇಲೆ ಈ ಜಲಾಶಯದ ಹಿಡಿತವಿರುವುದಿಲ್ಲ. ಒಂದು ಲಕ್ಷ ಕ್ಯೂಸೆಕ್ ಹರಿವು 24 ಗಂಟೆ ಮುಂದುವರಿದರೆ 8.64 ಟಿಎಂಸಿ ನೀರಾಗುತ್ತದೆ. ಆ ಲೆಕ್ಕದಲ್ಲಿ ಬರಿದಾದ ಹಿಡಕಲ್ ಕೂಡ ಆರು ದಿನದೊಳಗೆ ತುಂಬುತ್ತದೆ. ಆಗಸ್ಟ್ ವೇಳೆಗೆ ಅದು ಬರಿದಾಗಿರುವುದು ಅಪರೂಪ. ಹೀಗಾಗಿ ಗೇಟುಗಳನ್ನು ತೆರೆಯುವ ಸಮಯವನ್ನು ಹಿರಣ್ಯಕೇಶಿ ಮತ್ತು ಮಾರ್ಕಂಡೇಯಗಳ ಏರುಗಾಲವನ್ನು ನೋಡಿ ಹೊಂದಿಸಬೇಕಾಗುತ್ತದೆ. ಮೂರರ ಉಬ್ಬರವೂ ಒಂದೇ ವೇಳೆಗೆ ಕೂಡಿದಲ್ಲಿ ಹಾನಿ ಹೆಚ್ಚು.

ನೆರೆಯ ಜಾಡನ್ನು ಹಿಡಿಯುವ ಸಂವೇದಕಗಳು

ಘಟ್ಟದ ಮಳೆಯನ್ನು ನೆಲದ ಮೇಲೆಯೇ ಅಳೆಯುವುದು ಮೊದಲ ಹಂತ. 1988ರಲ್ಲಿ ಬರ ಪರಿವೀಕ್ಷಣಾ ಕೋಶವಾಗಿ ಆರಂಭಗೊಂಡ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಆರು ಸಾವಿರಕ್ಕೂ ಹೆಚ್ಚು ಟೆಲಿಮೆಟ್ರಿಕ್ ಮಳೆಮಾಪಕಗಳ ಜಾಲವನ್ನು ರೂಪಿಸಿದೆ. ಇವು 15 ನಿಮಿಷಕ್ಕೊಮ್ಮೆ ಮಾಹಿತಿ ರವಾನಿಸುವಂತೆ ಸಿದ್ಧಪಡಿಸಲ್ಪಟ್ಟವುಗಳಾಗಿವೆ. ಆದರೆ ಹಿರಣ್ಯಕೇಶಿಯ ಮೇಲ್ಭಾಗವು ಮಹಾರಾಷ್ಟ್ರದ ಆಜರಾ ಮತ್ತು ಗಡಹಿಂಗ್ಲಜ ತಾಲ್ಲೂಕುಗಳಲ್ಲಿದೆ. ರಾಜ್ಯದ ಮಳೆಮಾಪಕ ಗಡಿಯಲ್ಲಿ ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ. ಎರಡು ರಾಜ್ಯಗಳ ನೀರಾವರಿ ಅಧಿಕಾರಿಗಳ ನಡುವಣ ಮಾಹಿತಿ ವಿನಿಮಯವು ಯಾವುದೇ ಹೊಸ ಯಂತ್ರದಷ್ಟೇ ಮುಖ್ಯವಾಗುವುದು ಈ ಕಾರಣದಿಂದ.

ನದಿಯಲ್ಲಿ ನೀರಿನ ಮಟ್ಟವನ್ನು ಸೇತುವೆಗೆ ಅಳವಡಿಸಿದ ರೇಡಾರ್ ಸಂವೇದಕದಿಂದ ಅಳೆಯುವ ಪದ್ಧತಿ ಇದೆ. ಇದು ನೀರನ್ನು ಮುಟ್ಟದಿರುವುದರಿಂದ ಕೊಚ್ಚಿಬರುವ ಮರ, ಕಬ್ಬಿನ ರವದಿ ಇತ್ಯಾದಿಗಳಿಂದ ಹಾನಿಗೊಳಗಾಗುವುದು ಕಡಿಮೆ. ಓರೆಯಾಗಿ ಇಳಿಬಿಟ್ಟ ಇನ್ನೊಂದು ಬಗೆಯ ರೇಡಾರ್ ಡಾಪ್ಲರ್ ತತ್ತ್ವದಿಂದಲೇ ನೀರಿನ ಮೇಲ್ಮೈಯ ವೇಗವನ್ನು ಅಳೆಯುತ್ತದೆ. ಮೇಲ್ಮೈ ವೇಗವನ್ನು ಸುಮಾರು 0.85ರಿಂದ ಗುಣಿಸಿದರೆ ಸರಾಸರಿ ವೇಗ ದೊರೆಯುತ್ತದೆ.

ನೆರೆಯ ಉಬ್ಬರವು ನೀರಿಗಿಂತ ವೇಗವಾಗಿ ಸಾಗುತ್ತದೆ ಎಂಬುದನ್ನು ಸಾರ್ವಜನಿಕರು ವಿಶೇಷವಾಗಿ ಗಮನಿಸತಕ್ಕದ್ದು. ಅಗಲವಾದ ನದಿಪಾತ್ರದಲ್ಲಿ ಉಬ್ಬರದ ವೇಗವು ನೀರಿನ ಸರಾಸರಿ ವೇಗದ ಸುಮಾರು ಒಂದೂ ಮುಕ್ಕಾಲು ಪಟ್ಟಿನ ಹತ್ತಿರ ಬರುತ್ತದೆ. ಉದಾಹರಣೆಗೆ ನೀರು ಸೆಕೆಂಡಿಗೆ 1.5 ಮೀಟರ್ ಹರಿಯುತ್ತಿದ್ದರೆ ಉಬ್ಬರವು ಗಂಟೆಗೆ 9 ಕಿ.ಮೀ. ಮುಂದುವರಿಯುತ್ತದೆ. 45 ಕಿ.ಮೀ. ಮೇಲಿನ ಮಾಪಕದಲ್ಲಿ ಕಂಡದ್ದು ಐದು ಗಂಟೆಯಲ್ಲಿ ಊರ ಬಳಿ ಇರುತ್ತದೆ. ನದಿ ದಡ ಮೀರಿ ಹೊಲಗಳಿಗೆ ಹರಡಿದಾಗ ಈ ವೇಗವು ತಗ್ಗುತ್ತದೆ. ಪಂಪ್‌ಸೆಟ್ಟು ಬಿಚ್ಚಿ ತರಲು, ದನಕರುಗಳನ್ನು ಎತ್ತರಕ್ಕೆ ಸಾಗಿಸಲು ರೈತರಿಗೆ ಸಿಗುವ ಅವಧಿ ಇಷ್ಟೇ. ಆ ಅವಧಿ ರಾತ್ರಿಯಲ್ಲಿ ಬಂದರೆ ಸಂದೇಶ ತಲುಪುವುದೇ ಮುಖ್ಯ ಪ್ರಶ್ನೆಯಾಗುತ್ತದೆ.

ಸಂವೇದಕಗಳೂ ನೆರೆಯಲ್ಲಿಯೇ ಕೈಕೊಡುವುದುಂಟು. ಮಳೆಮಾಪಕದ ಬಾಯಿಗೆ ಎಲೆ, ಹಕ್ಕಿಗೂಡು ಸೇರುತ್ತವೆ, ಮೋಡ ಕವಿದ ವಾರಗಳಲ್ಲಿ ಸೌರಫಲಕ ಸೊರಗುತ್ತದೆ, ಮೊಬೈಲ್ ಗೋಪುರ ಸ್ಥಗಿತಗೊಂಡರೆ ಮಾಹಿತಿ ಬರುವುದಿಲ್ಲ. ಮಾಹಿತಿ ಬಾರದಿರುವುದನ್ನು ಮಳೆ ಬಾರದಿರುವುದೆಂದು ತಿಳಿಯಬಾರದು. ಜಾಡು ಅನುಸರಿಸುವ ಗಣಿತವು ಇಂತಹ ವೇಳೆ ಹಿಂದಿನ ಊಹೆಯನ್ನೇ ಮುಂದುವರಿಸುತ್ತದೆ, ಆದರೆ ಅನಿಶ್ಚಿತತೆಯ ಅಂಚನ್ನು ಪ್ರತಿ ಹಂತದಲ್ಲಿ ಅಗಲಿಸುತ್ತ ಹೋಗುತ್ತದೆ. ಸೇತುವೆಯ ಕಂಬಕ್ಕೆ ಬರೆದ ಅಳತೆಪಟ್ಟಿ ಹಾಗೂ ಅದನ್ನು ಓದುವ ಸಿಬ್ಬಂದಿಯನ್ನು ಇಂದಿಗೂ ಕೈಬಿಡಲಾಗದಿರುವುದು ಇದರಿಂದಲೇ.

ಸಾರ್ವಜನಿಕರ ಗಮನಕ್ಕೆ

ಏಪ್ರಿಲ್–ಮೇ ತಿಂಗಳಲ್ಲಿ ಹವಾಮಾನ ಇಲಾಖೆಯ ರೇಡಾರ್ ಚಿತ್ರ ಹಾಗೂ ಸಿಡಿಲಿನ ಸೂಚನೆಗಳನ್ನೂ, ಜುಲೈ–ಆಗಸ್ಟ್ ತಿಂಗಳಲ್ಲಿ ಹಿಡಕಲ್ ಜಲಾಶಯದ ಒಳಹರಿವು, ಹೊರಹರಿವು ಮತ್ತು ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ಹರಿವಿನ ಪ್ರಕಟಣೆಗಳನ್ನೂ ಗಮನಿಸುವುದು ಸೂಕ್ತ. ಹೊರಹರಿವಿನ ಅಂಕಿಯೊಂದನ್ನೇ ನೋಡಿ ನದಿಯ ಮಟ್ಟವನ್ನು ಅಂದಾಜು ಮಾಡಬಾರದು. ನೆರೆ ಇಳಿದ ಬಳಿಕ ಕಬ್ಬು, ಗೋವಿನಜೋಳ, ಅರಿಷಿಣ ಬೆಳೆಗಳ ನಿರ್ವಹಣೆ ಕುರಿತು ತುಕ್ಕಾನಟ್ಟಿಯ ಬರ್ಡ್ಸ್ ಕೃಷಿ ವಿಜ್ಞಾನ ಕೇಂದ್ರ ಅಥವಾ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದಾಗಿದೆ.