ಕ್ಷಕಿರಣದ ಚಿತ್ರವೂ ರೋಗಿಯ ಕಣ್ಣೂ

ಕಪ್ಪಿನ ಮೇಲೆ ಬಿಳುಪನ್ನು ನೋಡುವ ಅಭ್ಯಾಸವು ಬೀದರಿನವರಿಗೆ ಹೊಸದಲ್ಲ. ಸತು-ತಾಮ್ರಗಳ ಎರಕದಲ್ಲಿ ಬೆಳ್ಳಿಯನ್ನು ಕೂಡಿಸಿ, ಕೋಟೆಯ ಮಣ್ಣಿನಿಂದ ಲೋಹವನ್ನು ಕಪ್ಪಾಗಿಸುವ ಬಿದರಿ ಕಲೆಯು ಬಹಮನಿ ಸುಲ್ತಾನರ ಕಾಲದಿಂದ ಬಂದುದೆಂದು ಪ್ರತೀತಿ. ಆದರೆ ಔರಾದಿನ ರೈತನೊಬ್ಬನು ತನ್ನ ಎದೆಯ ಕ್ಷಕಿರಣಚಿತ್ರವನ್ನು ಬೆಳಕಿಗೆ ಹಿಡಿದಾಗ ಈ ಅಭ್ಯಾಸವು ಅವನ ನೆರವಿಗೆ ಬಾರದು. ಬಿದರಿಯಲ್ಲಿ ಬಿಳುಪೇ ಬೆಳ್ಳಿ. ಹಳೆಯ ಫಿಲ್ಮಿನಲ್ಲಾದರೋ ಕಪ್ಪೇ ಬೆಳ್ಳಿ! ಕಿರಣವು ತಾಕಿದೆಡೆಯಲ್ಲಿ ಬೆಳ್ಳಿಯ ಲವಣವು ಕಪ್ಪಾಗುವುದು. ಎಲುಬು ಕಿರಣವನ್ನು ತಡೆದೆಡೆಯು ಬೆಳ್ಳಗೆ ಉಳಿಯುವುದು. ಗಾಳಿ ತುಂಬಿದ ಶ್ವಾಸಕೋಶವು ಕಪ್ಪಾಗಿ ಕಾಣುವುದು ಸ್ವಸ್ಥತೆಯ ಲಕ್ಷಣವೇ ಆದರೂ, ಅರಿಯದವನು ಎದೆ ಸುಟ್ಟಿತೆಂದು ಬೆದರುವುದು ಸಹಜ.

ಹೀಗೆ ಬೆದರಿದವರಲ್ಲಿ ಮೊದಲಿಗಳು ರಾಂಟ್ಜೆನ್ ಪಂಡಿತನ ಪತ್ನಿ. 1895ನೆಯ ಡಿಸೆಂಬರ್ 22ರಂದು ತನ್ನ ಕೈಯ ಎಲುಬುಗಳನ್ನೂ ಉಂಗುರವನ್ನೂ ಚಿತ್ರದಲ್ಲಿ ಕಂಡು, ತನ್ನ ಮೃತ್ಯುವನ್ನೇ ಕಂಡೆನೆಂದು ಆಕೆಯು ಉದ್ಗರಿಸಿದಳೆಂದು ಹೇಳುವರು. ಕಿರಣದ ಸ್ವರೂಪವು ತಿಳಿಯದಿದ್ದುದರಿಂದ ಆತನು ಅದಕ್ಕೆ ಎಕ್ಸ್ ಎಂದು ಹೆಸರಿಟ್ಟನು; ಕನ್ನಡದಲ್ಲಿ ಆ ಸ್ಥಾನವನ್ನು ಕ್ಷಕಾರವು ಪಡೆಯಿತು.

1971ನೆಯ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡನ ಯಂತ್ರವು ಮೊದಲ ರೋಗಿಯ ತಲೆಯನ್ನು ಪದರಪದರವಾಗಿ ಚಿತ್ರಿಸಿತು. ಸಿಟಿ ಸ್ಕ್ಯಾನ್ ಎಂಬುದು ಇದೇ. ರೋಗಿಯ ಕಾಲ ಬಳಿ ನಿಂತು ನೋಡಿದಂತೆ ಇಂತಹ ಚಿತ್ರವನ್ನು ಓದತಕ್ಕುದೆಂಬುದು ಸಂಪ್ರದಾಯ. ಆದುದರಿಂದಲೇ ಬಲಗಡೆಯ ಯಕೃತ್ತು ಚಿತ್ರದ ಎಡಗಡೆಯಲ್ಲಿ ತೋರುವುದು.

ಚಿತ್ರಕ್ಕಿಂತಲೂ ತೊಡಕಾದುದು ಅದರೊಡನೆ ಬರುವ ವರದಿ. ಬೀದರು ನಿಜಾಮರ ಆಳ್ವಿಕೆಯಲ್ಲಿದ್ದಾಗ ಹೈದರಾಬಾದಿನಲ್ಲಿ 1917ರಲ್ಲಿ ಭಾಷಾಂತರ ಶಾಖೆಯೂ ಮರುವರ್ಷ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಸ್ಥಾಪಿತವಾಗಿ, ವೈದ್ಯಶಾಸ್ತ್ರವು ಉರ್ದುವಿನಲ್ಲಿಯೇ ಬೋಧಿಸಲ್ಪಟ್ಟಿತು. ದೇಶಭಾಷೆಯೊಂದರಲ್ಲಿ ಈ ಶಾಸ್ತ್ರವನ್ನು ಕಲಿಸಬಹುದೆಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನ ನಮಗೆ ದೊರೆಯದು. ಭಾಲ್ಕಿಯ ಕನ್ನಡಿಗನಿಗೆ ಆ ಉರ್ದುವೂ ಕಠಿಣವೇ ಆಗಿದ್ದಿರಬೇಕೆಂಬುದು ಬೇರೆ ಮಾತು. 1956ರಲ್ಲಿ ಬೀದರು ಮೈಸೂರು ರಾಜ್ಯವನ್ನು ಸೇರಿತು. 2007ರಲ್ಲಿ ನಗರದಲ್ಲಿಯೇ ಸರಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಆರಂಭವಾಯಿತು. ಕೊಳಾರದ ಕಾರ್ಖಾನೆಗಳಲ್ಲಿ ಔಷಧಗಳೂ ತಯಾರಾಗುತ್ತಿವೆ. ಆದರೂ ಸ್ಕ್ಯಾನಿನ ವರದಿಯ ಭಾಷೆ ಇಂಗ್ಲಿಷೇ.

ಆ ಇಂಗ್ಲಿಷಾದರೂ ಲೋಕದ ಇಂಗ್ಲಿಷಲ್ಲ. 'ಅನ್‌ರಿಮಾರ್ಕಬಲ್' ಎಂದರೆ ಅಲ್ಲಿ ದೋಷವಿಲ್ಲವೆಂದರ್ಥ. 'ಡಿಜನರೇಟಿವ್' ಎಂದು ಓದಿದ ಕಾಲೇಜು ಹುಡುಗನು ತಂದೆಯ ಬೆನ್ನೆಲುಬು ಕೊಳೆಯುತ್ತಿದೆಯೆಂದು ಭಾವಿಸಿದರೆ ಮನೆಮಂದಿಗೆಲ್ಲ ಆ ರಾತ್ರಿ ನಿದ್ರೆಯಿಲ್ಲ. ಬೆನ್ನುನೋವೇ ಇಲ್ಲದವರ ಸ್ಕ್ಯಾನುಗಳನ್ನು ಕುರಿತು 2015ರಲ್ಲಿ ಪ್ರಕಟವಾದ ಪರಾಮರ್ಶೆಯೊಂದರಲ್ಲಿ, ಇಪ್ಪತ್ತು ವಯಸ್ಸಿನವರಲ್ಲಿ ನೂರಕ್ಕೆ 37, ಎಂಬತ್ತರವರಲ್ಲಿ ನೂರಕ್ಕೆ 96 ಜನರಿಗೆ ಬೆನ್ನೆಲುಬಿನ ಬಿಲ್ಲೆಗಳ ಸವೆತವು ಕಂಡುಬಂದಿತು. ತಲೆ ನರೆತಂತೆ ಇದೂ ಬಹುಮಟ್ಟಿಗೆ ವಯೋಧರ್ಮವಷ್ಟೆ.

ವಸ್ತುತಃ ಈ ವರದಿಯು ಚಿತ್ರವನ್ನು ನೋಡಿದ ವೈದ್ಯರು ರೋಗಿಯನ್ನು ಕಳುಹಿಸಿದ ವೈದ್ಯರಿಗೆ ಬರೆದ ಓಲೆ. ಕೊನೆಯಲ್ಲಿರುವ 'ಇಂಪ್ರೆಷನ್' ಎಂಬ ಭಾಗವೂ ಅಭಿಪ್ರಾಯವೇ ಹೊರತು ತೀರ್ಪಲ್ಲ. ರೋಗಿಯನ್ನು ಮುಟ್ಟಿ ಪರೀಕ್ಷಿಸಿದವರು ಅದನ್ನು ಅವನ ನೋವಿನೊಡನೆ ಹೊಂದಿಸಿ ನೋಡಬೇಕು. ಆ ಓಲೆಯನ್ನು ಚೀಲದಲ್ಲಿ ಹೊತ್ತು ಬೀದರಿನಿಂದ ಹೈದರಾಬಾದಿಗೂ ಕಲಬುರಗಿಗೂ ಅಲೆಯುವವನು ಮಾತ್ರ ರೋಗಿ.