ಬಳಸುದಾರಿಯ ಬಾಳಿಕೆ
(ಬಾನುಲಿ ಭಾಷಣ)

ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಇಂದು ಮನೆಮಾತಾಗಿದೆ. ರೋಗಿ ಗುಣಹೊಂದಿ ಮನೆಗೆ ಮರಳಿದನೆಂದರೆ ಬಂಧುಗಳಿಗೆ ಸಮಾಧಾನ. ಆದರೆ ಹೀಗೆ ಕಟ್ಟಿಕೊಟ್ಟ ಬಳಸುದಾರಿ ಎಷ್ಟು ಕಾಲ ಬಾಳುತ್ತದೆ? ಈ ಪ್ರಶ್ನೆಗೆ ಉತ್ತರ ದೊರೆತ ಬಗೆಯನ್ನು ಶ್ರೋತೃಗಳಲ್ಲಿ ನಿವೇದಿಸಬಯಸುತ್ತೇನೆ.

ಹೃದಯಕ್ಕೆ ರಕ್ತವನ್ನುಣಿಸುವ ಧಮನಿಯಲ್ಲಿ ಕೊಬ್ಬು ಕಟ್ಟಿ ಹರಿವು ತಡೆಗೊಂಡಾಗ, ತಡೆಯ ಆಚೆಗೆ ಬೇರೊಂದು ನಾಳವನ್ನು ಹೊಲಿದು ಹೊಸ ಹಾದಿ ಮಾಡುವುದೇ ಈ ಚಿಕಿತ್ಸೆಯ ತತ್ವ. ಲೆನಿನ್‌ಗ್ರಾಡಿನ ವಾಸಿಲಿ ಕೊಲೆಸೊವ್ 1964ರಲ್ಲಿ ಎದೆಗೂಡಿನ ಒಳಗೋಡೆಯ ಅಪಧಮನಿಯನ್ನೇ ಇದಕ್ಕೆ ಬಳಸಿದರು. ಅವರಿಗೆ ಆಗ ತಕ್ಕ ಮನ್ನಣೆ ದೊರೆಯಲಿಲ್ಲ. 1967ರ ಮೇ ತಿಂಗಳಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ರೆನೆ ಫವಲೋರೊ ಕಾಲಿನ ಅಭಿಧಮನಿಯನ್ನು ಬಳಸಿದರು. ಅದಕ್ಕೆ ಮುನ್ನ ಹನ್ನೆರಡು ವರ್ಷ ಅರ್ಜೆಂಟೀನದ ಹಳ್ಳಿಗಾಡಿನಲ್ಲಿ ವೈದ್ಯರಾಗಿದ್ದವರು ಅವರು. ಕಾಲಿನ ನಾಳ ಉದ್ದವಾದುದು, ತೆಗೆಯಲು ಸುಲಭವಾದುದು. ಬಹುಪಾಲು ವೈದ್ಯರು ಆ ಮಾರ್ಗವನ್ನೇ ಹಿಡಿದರು.

ಆದರೆ ಅಭಿಧಮನಿ ಕಡಿಮೆ ಒತ್ತಡಕ್ಕೆ ಹೊಂದಿಕೊಂಡ ನಾಳ. ಅಪಧಮನಿಯ ಸ್ಥಾನದಲ್ಲಿ ಅದರ ಭಿತ್ತಿ ದಪ್ಪಗಾಗಿ, ಕ್ರಮೇಣ ಹಳೆಯ ರೋಗವೇ ಅದನ್ನೂ ಹಿಡಿಯುತ್ತದೆ. ಮೊದಲ ದಶಕಗಳ ರೋಗಿಗಳಲ್ಲಿ, 10 ವರ್ಷ ಕಳೆಯುವಷ್ಟರಲ್ಲಿ ಇಂಥ ನಾಳಗಳ ಸುಮಾರು ಅರ್ಧಭಾಗ ಮುಚ್ಚಿಹೋಗಿದ್ದವು ಅಥವಾ ಕೆಟ್ಟಿದ್ದವು. 1970ರ ದಶಕದಿಂದ ನಡೆದ ಏಳು ಪರೀಕ್ಷೆಗಳ 2,649 ರೋಗಿಗಳ ವಿವರವನ್ನು 1994ರಲ್ಲಿ ಒಟ್ಟುಗೂಡಿಸಿ ನೋಡಲಾಯಿತು. 5 ವರ್ಷಗಳಲ್ಲಿ ಮಡಿದವರು, ಔಷಧದಿಂದ ಚಿಕಿತ್ಸೆ ಆರಂಭಿಸಿದವರಲ್ಲಿ ಶೇಕಡ 15.8, ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ 10.2. 10 ವರ್ಷಗಳಿಗೆ ಈ ಅಂಕಿಗಳು 30.5 ಮತ್ತು 26.4 ಆಗಿ, ಅಂತರ ಕಿರಿದಾಯಿತು. ಔಷಧದ ಗುಂಪಿನ ಹಲವರು ಮುಂದೆ ಶಸ್ತ್ರಚಿಕಿತ್ಸೆಗೇ ಒಳಗಾದದ್ದು ಒಂದು ಕಾರಣ. ಅಭಿಧಮನಿಗಳು ಜೀರ್ಣವಾದದ್ದು ಇನ್ನೊಂದು. ಆ ಪರೀಕ್ಷೆಗಳಲ್ಲಿ ಎದೆಯ ಅಪಧಮನಿಯನ್ನು ಪಡೆದವರು ಹತ್ತರಲ್ಲಿ ಒಬ್ಬರಷ್ಟೇ.

ಇದರ ನಡುವೆ, 1986ರಲ್ಲಿ, ಅದೇ ಕ್ಲೀವ್‌ಲೆಂಡಿನ ವೈದ್ಯರು ತಮ್ಮ ರೋಗಿಗಳ ಹತ್ತು ವರ್ಷಗಳ ಲೆಕ್ಕವನ್ನು ಪ್ರಕಟಿಸಿದ್ದರು. ಮೂರೂ ಧಮನಿಗಳು ಕೆಟ್ಟಿದ್ದವರ ಪೈಕಿ, ಹೃದಯದ ಮುಂಭಾಗದ ಧಮನಿಗೆ ಎದೆಯ ಅಪಧಮನಿ ಜೋಡಿಸಿಕೊಂಡವರಲ್ಲಿ ಶೇಕಡ 82.6 ಮಂದಿ ಬದುಕಿದ್ದರು; ಕಾಲಿನ ಅಭಿಧಮನಿಯೊಂದನ್ನೇ ನೆಚ್ಚಿದವರಲ್ಲಿ 71. ಅಲ್ಲಿಂದ ಮುಂದೆ ಆ ಧಮನಿಗೆ ಎದೆಯ ನಾಳವನ್ನೇ ಜೋಡಿಸುವುದು ರೂಢಿಯಾಯಿತು. ಕೊಲೆಸೊವ್ ಆರಿಸಿಕೊಂಡಿದ್ದ ನಾಳವೇ ಬಾಳಿಕೆ ಬಂದಿತ್ತು. ಅವರು ತೀರಿಕೊಂಡದ್ದು 1992ರಲ್ಲಿ.

ಈ ಇತಿಹಾಸದಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ತಟ್ಟುವುದು ಶಸ್ತ್ರವೈದ್ಯರ ಕೈಚಳಕವಲ್ಲ. ರೋಗಿಗಳು ಮನೆಗೆ ಹೋದ ಮೇಲೂ ಅವರನ್ನು ಮರೆಯದೆ ವರ್ಷವರ್ಷವೂ ಲೆಕ್ಕವಿಟ್ಟವರ ತಾಳ್ಮೆ. ಆ ತಾಳ್ಮೆ ತಿಳಿಸಿಕೊಟ್ಟ ಇನ್ನೊಂದು ಸಂಗತಿಯುಂಟು. ಹೊಸ ನಾಳ ತಡೆಯನ್ನು ದಾಟಿಸುತ್ತದೆಯೇ ಹೊರತು ರೋಗವನ್ನು ಅಳಿಸುವುದಿಲ್ಲ. ತಂಬಾಕನ್ನು ತ್ಯಜಿಸುವುದು, ಔಷಧವನ್ನು ತಪ್ಪದೆ ಸೇವಿಸುವುದು, ಇವು ಹೊಲಿಗೆ ಮಾಗಿದ ಮೇಲೂ ಉಳಿಯುವ ಕೆಲಸ.